ಸ್ವಿಚ್ ಆರಿಸಿದ ಮೇಲೂ ಉಳಿದ ಬೆಳಕು

ಅವತ್ತು ಒಂದು ಸದ್ದು ಕೇಳಿದ್ದೆ, ಅಥವಾ ಅದನ್ನು ಆಮೇಲೆ ನಾನೇ ಸೇರಿಸಿಕೊಂಡೆನೋ ಏನೋ. ಏಣಿಯ ಮೇಲೆ ನಿಂತಿದ್ದೇನೆ. ಕೈಯಲ್ಲಿ ಎರಡು ತಂತಿ, ಎರಡೂ ಬಿಸಿಲಿಗೆ ಮಳೆಗೆ ಒಂದೇ ಥರ ಕಪ್ಪಾಗಿವೆ. ಕೆಳಗೆ ಮೂರನೇ ಮನೆಯಿಂದ ಹೊಲಿಗೆ ಮೆಷಿನ್ನಿನ ಸದ್ದು ಬರುತ್ತಿದೆ. ಹೀಗೆ ನೆನಪಿದೆ. ಏಣಿ ನಿಜ, ತಂತಿ ನಿಜ. ಮೆಷಿನ್ನಿನ ಸದ್ದು ಮಾತ್ರ ಆ ದಿನದ್ದೋ ಬೇರೆ ದಿನದ್ದೋ ಖಚಿತವಿಲ್ಲ. ಆ ಬೀದಿಯಲ್ಲಿ ವರ್ಷಗಟ್ಟಲೆ ಓಡಾಡಿದ್ದೇನೆ, ಆ ಸದ್ದನ್ನು ಎಷ್ಟೋ ಸಲ ಕೇಳಿದ್ದೇನೆ. ನೆನಪು ಒಂದು ದಿನದ ಸದ್ದನ್ನು ತಂದು ಇನ್ನೊಂದು ದಿನಕ್ಕೆ ಅಂಟಿಸಿದರೆ ಅಂಟಿದ ಗುರುತು ಕಾಣುವುದಿಲ್ಲ.

ಇಲ್ಲಿ ಬರೆಯುವುದರಲ್ಲಿ ಮುಖ್ಯವಾದದ್ದು ಆ ಸದ್ದಿನ ಮೇಲೆ ನಿಂತಿದೆ. ಅದಕ್ಕೇ ಮೊದಲೇ ಹೇಳಿಬಿಟ್ಟೆ.

ನಾನು ಕೆಜಿಎಫ್, ಬಂಗಾರಪೇಟೆ ಕಡೆ ವಿದ್ಯುತ್ ಲೈನಿನ ಕೆಲಸ ಮಾಡಿ ನಿವೃತ್ತನಾದವನು. ಊರು ಕಾಮಸಮುದ್ರದ ಹತ್ತಿರ. ಈಗ ಮನೆಯಲ್ಲಿ ಎರಡು ಹಸು ನೋಡಿಕೊಂಡಿದ್ದೇನೆ. ಹೊಸದಾಗಿ ಲೈನಿಗೆ ಸೇರುವವರಿಗೆ ಏನಾದರೂ ಬರೆದುಕೊಡಿ ಎಂದು ಹಳೆಯ ಕಚೇರಿಯವರು ಕೇಳಿದರು. ಯಾವಾಗ ಸೇರಿದೆ, ಯಾವಾಗ ಬಡ್ತಿ ಬಂತು ಎಂಬುದೆಲ್ಲ ನನ್ನ ಸರ್ವಿಸ್ ಪುಸ್ತಕದಲ್ಲಿದೆ. ಅದರಿಂದ ನಿಮಗೆ ಏನೂ ಆಗಬೇಕಿಲ್ಲ. ಕಂಬ ಹತ್ತುವುದನ್ನು ತರಬೇತಿಯಲ್ಲಿ ಕಲಿಸುತ್ತಾರೆ. ನಾನು ಬಲ್ಬಿನ ವಿಷಯ ಬರೆಯುತ್ತೇನೆ. ಮನೆಯೊಳಗಿನ ಬಲ್ಬು ಲೈನಿನವರ ಜವಾಬ್ದಾರಿ ಅಲ್ಲ, ಮೀಟರಿನ ಆಚೆಗಿನದು ಗ್ರಾಹಕರದ್ದು ಎಂದು ನಿಮಗೆ ಹೇಳಿಕೊಡುತ್ತಾರೆ. ನನಗೂ ಹಾಗೇ ಹೇಳಿಕೊಟ್ಟಿದ್ದರು. ನಾನೂ ನಂಬಿದ್ದೆ.

ಮನೆಮನೆಗೂ ಎಲ್‌ಇಡಿ ಬಲ್ಬು ಹಾಕಿಸುವ ಕಾಲ ಬಂದಾಗ ನನ್ನ ಸರ್ವಿಸು ಮುಗಿಯುತ್ತ ಬಂದಿತ್ತು. ಆಂಡರ್ಸನ್‌ಪೇಟೆಯಲ್ಲಿ ಒಂದು ಮೇಜು ಹಾಕಿ ನಮ್ಮನ್ನು ಕೂರಿಸಿದರು. ಹಳೆಯ ಬಲ್ಬನ್ನು ತಂದುಕೊಡಲೇಬೇಕು ಎಂಬ ನಿಯಮ ಇತ್ತೋ ಇಲ್ಲವೋ ನೆನಪಿಲ್ಲ. ಜನ ತಂದರು. ಸೀರೆಯ ಸೆರಗಿನಲ್ಲಿ, ಟಿಫಿನ್ ಕ್ಯಾರಿಯರಿನಲ್ಲಿ, ಒಬ್ಬರು ಮೊಟ್ಟೆ ತರುವ ಹಾಗೆ ಬುಟ್ಟಿಯಲ್ಲಿ ಹುಲ್ಲು ಹಾಸಿಕೊಂಡು ತಂದರು. ಮೇಜಿನ ಕೆಳಗೆ ಗೋಣಿಚೀಲ ಇಟ್ಟು ಅದರಲ್ಲಿ ಹಾಕಿಸಿಕೊಳ್ಳುತ್ತಿದ್ದೆವು.

ಒಬ್ಬ ತಾತ ಹೊಸ ಬಲ್ಬನ್ನು ಕೈಗೆ ತೆಗೆದುಕೊಂಡು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಬಲ್ಬನ್ನು ನಾವೆಲ್ಲ ಹಾಗೇ ಪರೀಕ್ಷಿಸುತ್ತಿದ್ದೆವು. ಹಳೆಯ ಬಲ್ಬಿನೊಳಗಿನ ಎಳೆ ಕಡಿದಿದ್ದರೆ ಕಿಣಿಕಿಣಿ ಅನ್ನುತ್ತಿತ್ತು.

“ಇದ್ರಾಗೆ ಸದ್ದೇ ಇಲ್ವಲ್ಲಪ್ಪ. ಇದು ಓಗಿರೋದಾ, ಇರೋದಾ, ಎಂಗೆ ಗೊತ್ತಾಗೋದು?” ಎಂದ.

“ಹಾಕಿ ನೋಡಿದ್ರೇನೇ ಗೊತ್ತಾಗೋದು ತಾತ.”

“ಆಕಿ ನೋಡಿ ಗೊತ್ತು ಮಾಡ್ಕೊಳಾಕೆ ಇದೇನ್ ಮದುವೇನೇನ್ಲಾ?” ಎಂದು ಅಲ್ಲಾಡಿಸುತ್ತಲೇ ಹೋದ. ಸಾಲಿನಲ್ಲಿ ನಿಂತವರು ನಕ್ಕರು. ನಾನೂ ನಕ್ಕೆ. ಕಿವಿಯಿಂದ ಪರೀಕ್ಷೆ ಮಾಡುವ ಕಾಲ ಮುಗಿಯಿತು ಎಂದು ಆಗ ಅನ್ನಿಸಿತು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಆಗ ಅನ್ನಿಸಿದ್ದು ಊಟದ ಹೊತ್ತಾಯಿತು ಎಂದಷ್ಟೇ ಇರಬೇಕು.

ಮನೆಗಳಿಗೆ ಹೋದಾಗಲೆಲ್ಲ ಹಳೆಯದು ಒಂದನ್ನೂ ಉಳಿಸಬೇಡಿ, ಎಲ್ಲ ಬದಲಾಯಿಸಿ ಎಂದು ಹೇಳುತ್ತಿದ್ದೆ. ಕಾಮಸಮುದ್ರದ ಕಡೆಯ ಒಬ್ಬ ಅಜ್ಜಿ ನನ್ನ ಮಾತನ್ನು ಪೂರ್ತಿ ನಂಬಿ ಪೂರ್ತಿ ಬದಲಾಯಿಸಿದಳು. ಎರಡು ದಿನ ಬಿಟ್ಟು ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಹಿಡಿದಳು.

“ಲೇ ಲೈನ್‌ಮ್ಯಾನು, ಬಾರ್ಲಾ ಇಲ್ಲಿ. ಬುಟ್ಟಿ ತುಂಬ ಬೆಳಕೈತೆ. ಮರಿಗ್ಳು ನೋಡಿದ್ರೆ ಒಂದ್ರ ಮ್ಯಾಲೊಂದು ಏರ್ಕೊಂಡು ಗಡಗಡ ಅಂತವೆ. ಮೂರು ಸತ್ತೋದ್ವು.”

ಕೋಳಿಮರಿಗಳ ಬುಟ್ಟಿಗೆ ಕಾವಿಗೆಂದು ನೂರು ವ್ಯಾಟಿನ ಬಲ್ಬು ಇಳಿಬಿಟ್ಟಿದ್ದಳು. ಅದನ್ನೂ ಬದಲಾಯಿಸಿದ್ದಳು. ನಾನೇ ಹೇಳಿದ್ದೆನಲ್ಲ, ಎಲ್ಲ ಎಂದು.

“ಚಂದ್ರನ್ನ ತಂದು ಕೋಳಿ ಬುಟ್ಟಿಗೆ ಕಟ್ಟಿಸ್ದಂಗಾಯ್ತಲ್ಲೋ ನಿನ್ನ ಮಾತು ಕೇಳಿ,” ಎಂದಳು.

ಆಂಡರ್ಸನ್‌ಪೇಟೆಗೆ ಹೋಗಿ ಗೋಣಿಚೀಲ ಮಗುಚಿ, ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ, ಸದ್ದಿಲ್ಲದ ನೂರು ವ್ಯಾಟಿನ ಎರಡು ಬಲ್ಬು ಹುಡುಕಿ ತಂದುಕೊಟ್ಟೆ. ಆ ಬಲ್ಬು ನಮ್ಮ ಪುಸ್ತಕದಲ್ಲಿಲ್ಲದ ಕೆಲಸಗಳನ್ನೂ ಮಾಡುತ್ತಿತ್ತು ಎಂಬುದು ಅಲ್ಲಿಗೆ ತಿಳಿಯಿತು. ನಮ್ಮ ತಪ್ಪುಗಳನ್ನು ಮುಚ್ಚಿಡುವುದೂ ಅದು ಮಾಡುತ್ತಿದ್ದ ಕೆಲಸ ಎಂದು ತಿಳಿಯಲು ಇನ್ನಷ್ಟು ದಿನ ಬೇಕಾಯಿತು.

ಹೇಗೆಂದು ಹೇಳುತ್ತೇನೆ. ಮನೆಗೆ ಬರುವ ಎರಡು ತಂತಿಗಳಲ್ಲಿ ಒಂದರಲ್ಲಿ ಕರೆಂಟು ಬರುತ್ತದೆ. ಅದು ಫೇಸ್. ಇನ್ನೊಂದು ಹಿಂದಿರುಗುವ ದಾರಿ, ನ್ಯೂಟ್ರಲ್. ಸ್ವಿಚ್ ಇರಬೇಕಾದದ್ದು ಫೇಸಿನ ಮೇಲೆ. ಆಗ ಸ್ವಿಚ್ ಆರಿಸಿದರೆ ಹೋಲ್ಡರಿಗೆ ಕರೆಂಟು ಬರುವುದಿಲ್ಲ, ಬಲ್ಬು ಬಿಚ್ಚಬಹುದು. ಎರಡು ತಂತಿ ಹೊರಗೆಲ್ಲೋ ಅದಲುಬದಲಾದರೆ ಸ್ವಿಚ್ ನ್ಯೂಟ್ರಲ್ಲಿನ ಮೇಲೆ ಬೀಳುತ್ತದೆ. ಆಗ ಸ್ವಿಚ್ ಆರಿಸಿದರೆ ದೀಪ ಆರುತ್ತದೆ, ಕರೆಂಟು ಮಾತ್ರ ಹೋಲ್ಡರಿನಲ್ಲೇ ಕಾದು ಕೂತಿರುತ್ತದೆ. ಹಳೆಯ ಬಲ್ಬಿಗೆ ಈ ಎರಡರ ವ್ಯತ್ಯಾಸ ಗೊತ್ತಿರಲಿಲ್ಲ. ಹೇಗೆ ಕೊಟ್ಟರೂ ಉರಿಯುತ್ತಿತ್ತು, ಆರಿಸಿದರೆ ಪೂರ್ತಿ ಆರುತ್ತಿತ್ತು.

ನಮ್ಮ ಪರೀಕ್ಷೆಯೂ ಅದರಿಂದಲೇ. ಒಂದು ಹೋಲ್ಡರಿಗೆ ಎರಡು ತುಂಡು ವೈರು ಕಟ್ಟಿದ ಟೆಸ್ಟ್ ಲ್ಯಾಂಪು ಪ್ರತಿಯೊಬ್ಬರ ಚೀಲದಲ್ಲೂ ಇರುತ್ತಿತ್ತು. ತಂತಿ ಜೋಡಿಸು, ಲ್ಯಾಂಪು ಮುಟ್ಟಿಸು. ಉರಿಯಿತೇ? ಇಳಿ, ಮುಂದಿನ ಕಂಬಕ್ಕೆ ನಡೆ. ಟೆಸ್ಟರ್ ಹಿಡಿದು ಯಾವುದು ಫೇಸ್, ಯಾವುದು ನ್ಯೂಟ್ರಲ್ ಎಂದು ನೋಡಬೇಕೆಂದು ಎಲ್ಲರಿಗೂ ಗೊತ್ತಿತ್ತು. ಮಳೆಯಲ್ಲಿ, ಕೆಳಗೆ ಜನ ಕೂಗುತ್ತಿರುವಾಗ, ಯಾರೂ ನೋಡುತ್ತಿರಲಿಲ್ಲ. ಯಾರೂ ಎಂದು ಬರೆದೆ. ಬೇರೆಯವರ ವಿಷಯ ಬಿಡಿ. ನಾನು ನೋಡುತ್ತಿರಲಿಲ್ಲ.

ಚಾಂಪಿಯನ್ ರೀಫ್ಸಿನಲ್ಲಿ ಗಣಿಯವರ ಸಾಲುಮನೆಗಳಲ್ಲಿದ್ದ ಮುನಿಸ್ವಾಮಿ ಒಂದು ಬೆಳಿಗ್ಗೆ ಕಚೇರಿಗೆ ಬಂದ. ಮೊದಲು ಗಣಿಯ ಮಿಲ್ಲಿನಲ್ಲಿದ್ದವನು. ಗಣಿ ಮುಚ್ಚಿದ ಮೇಲೆ ರೈಲಿನಲ್ಲಿ ಓಡಾಡಿ ಎಲ್ಲೋ ವಾಚ್‌ಮ್ಯಾನ್ ಕೆಲಸ ಮಾಡುತ್ತಿದ್ದ.

“ಏನ್ ವೆಂಕಟೇಶಪ್ಪ, ನಿಮ್ಮ ಒಸಾ ಬಲ್ಬು ಬಲೇ ನಿಯತ್ತಿಂದು. ಸ್ವಿಚ್ ಆರ್ಸಿದ್ರೂ ಡ್ಯೂಟಿ ಬಿಡಾಕಿಲ್ಲ. ಸಣ್ಣಗೆ ಮಿಣುಕ್ತಾನೇ ಇರ್ತದೆ.”

ಬಲ್ಬು ಕೆಟ್ಟಿದೆ ಎಂದು ಬೇರೆ ಕೊಟ್ಟೆ. ಅದೂ ಮಿಣುಕಿತು. ಮತ್ತೆ ಬಂದ.

“ಪಕ್ಕದ ಮನೆ ತಾತ ಏನಂತಾನೆ ಗೊತ್ತಾ? ಗಣಿಯೊಳಿಕ್ಕೆ ಶಿಫ್ಟಿಗಿಳ್ದು ಮ್ಯಾಕೆ ಬರ್ದೇ ಇರೋರು ನಿಮ್ಮನೆ ದೀಪ ಇಸ್ಕೊಂಡವ್ರೆ ಅಂತಾನೆ. ಏನಾರ ಮಾಡಪ್ಪ, ನಮ್ಮನೆಯೋಳು ನಿಂಗೇ ಬರಾಕೆ ಏಳವ್ಳೆ.”

ನಮ್ಮ ಜೂನಿಯರ್ ಇಂಜಿನಿಯರ್ ಸಾಹೇಬರು ಕುರ್ಚಿಯಿಂದಲೇ, “ಎಲ್‌ಇಡಿ ಗುಣಾನೇ ಅಷ್ಟು ಅಂತ ಹೇಳಿ ಕಳಿಸಿ ವೆಂಕಟೇಶಪ್ಪ,” ಎಂದರು. ಹಾಗೆಂದೇ ಹೇಳಿ ಕಳಿಸಿದೆ. ಸಾಹೇಬರು ಕೆಟ್ಟವರಲ್ಲ. ಹಗಲು ಪೂರ್ತಿ ಫೋನಿನಲ್ಲಿ ಬೈಸಿಕೊಳ್ಳುವ ಮನುಷ್ಯ. ಹೋದ ದೂರು ತಿರುಗಿ ಬರದಿದ್ದರೆ ಅವರ ಪಾಲಿಗೆ ಅದು ಸರಿಹೋದ ಹಾಗೆ. ಒಂದು ವಾರ ಕಳೆದು ಆ ಬೀದಿಯಲ್ಲಿ ಬೇರೆ ಕೆಲಸ ಬಿತ್ತು. ಮಧ್ಯಾಹ್ನದ ಹೊತ್ತು. ಮುನಿಸ್ವಾಮಿಯ ಹೆಂಡತಿ ನಾರಾಯಣಮ್ಮ ಬಾಗಿಲಲ್ಲಿ ಕೋಲು ಹಿಡಿದು ನಿಂತಿದ್ದಳು. ಅವಳ ತವರು ನಮ್ಮ ಹೋಬಳಿಯೇ. ಹಾಗಾಗಿ ನನ್ನನ್ನು ಅಣ್ಣ ಎನ್ನುತ್ತಿದ್ದಳು.

“ಅಣ್ಣಾ, ಒಳಿಕ್ಕೆ ಬಾ. ಬಾಗ್ಲು ಆಕು.”

ಬಾಗಿಲು, ಕಿಟಕಿ ಹಾಕಿಸಿದಳು. ಗವಾಕ್ಷಿಗೆ ಕಂಬಳಿ ಸಿಕ್ಕಿಸಿದ್ದಳು, ನಾನು ಬರುತ್ತೇನೆಂದು ಮೊದಲೇ ಸಿದ್ಧ ಮಾಡಿಟ್ಟ ಹಾಗೆ. ಸ್ವಿಚ್ ಹಾಕಿದಳು, ಆರಿಸಿದಳು. ಕತ್ತಲಲ್ಲಿ ಬಲ್ಬಿನೊಳಗೆ ಕಂಡೂ ಕಾಣದಷ್ಟು ಬೆಳಕು ಉಳಿದಿತ್ತು.

“ನೋಡು. ಇದು ಬಲ್ಬಿನ ಗುಣಾನಾ?”

ನಾನು ಬಲ್ಬು ನೋಡುತ್ತಿರಲಿಲ್ಲ. ಗೋಡೆಯ ಪಕ್ಕದ ಹೊಲಿಗೆ ಮೆಷಿನ್ ನೋಡುತ್ತಿದ್ದೆ. ಅದಕ್ಕೆ ಬಟ್ಟೆ ಹೊದಿಸಿತ್ತು. ಅದರ ಮೇಲೆ ಬೀಗದ ಕೈ, ಮಾತ್ರೆಯ ಡಬ್ಬಿ. ಇಲ್ಲಿ ಹಿಂದಿನದೊಂದನ್ನು ಹೇಳದೆ ಮುಂದಕ್ಕೆ ಹೋಗಲಾಗುವುದಿಲ್ಲ.

ಅದಕ್ಕೆ ಸುಮಾರು ಹತ್ತು ವರ್ಷ ಮೊದಲು ಆಯುಧಪೂಜೆಯ ಹಿಂದಿನ ದಿನ ನಾರಾಯಣಮ್ಮ ಆ ಮೆಷಿನ್ನಿಗೆ ಎಣ್ಣೆ ಬಿಟ್ಟು ಒರೆಸಿ, ಮನೆಯ ಬಲ್ಬನ್ನೂ ಒರೆಸೋಣವೆಂದು ಸ್ಟೂಲು ಹತ್ತಿದಳು. ಹಬ್ಬಕ್ಕೆ ಬಲ್ಬು ಬಿಚ್ಚಿ ಹೊಗೆ ಒರೆಸಿ ಮತ್ತೆ ಹಾಕುವುದು ಆ ಬೀದಿಯಲ್ಲಿ ಎಲ್ಲರ ಮನೆಯ ಪದ್ಧತಿ. ಹಳೆಯ ಹಿತ್ತಾಳೆ ಹೋಲ್ಡರು. ಬಲ್ಬು ಬಿಚ್ಚುವಾಗ ಶಾಕ್ ಹೊಡೆಯಿತು, ಕಲ್ಲುಚಪ್ಪಡಿಯ ಮೇಲೆ ಬಿದ್ದಳು, ಸೊಂಟ ಮುರಿಯಿತು. ಬೀದಿಯ ಅರ್ಧ ಹೆಂಗಸರ ರವಿಕೆ ಹೊಲಿಯುತ್ತಿದ್ದವಳು ಆಮೇಲೆ ಆ ಮೆಷಿನ್ನಿನ ಮುಂದೆ ಕೂರಲಿಲ್ಲ. ಕೂತರೆ ಸೊಂಟ ತಡೆಯುತ್ತಿರಲಿಲ್ಲ.

ಯಾರೋ ನನ್ನನ್ನು ಕರೆದರು, ನಾನು ಹೋದೆ. ಅಷ್ಟರಲ್ಲಿ ಅವಳನ್ನು ಆಟೋಗೆ ಏರಿಸುತ್ತಿದ್ದರು. “ನಾನು ಆರ್ಸಿದ್ದೆ, ಆರ್ಸಿದ್ದೆ,” ಎಂದು ಕೂಗುತ್ತಿದ್ದಳು. ಮುನಿಸ್ವಾಮಿ ನನ್ನನ್ನು ಒಳಗೆ ಕರೆದು, “ಸ್ವಿಚ್ ಆರಿಸ್ದೆ ಕೈ ಇಕ್ಕವ್ಳೆ, ಅಲ್ವಾ?” ಎಂದ. ನೋಡಿದೆ. ಸ್ವಿಚ್ಚು ಹಾಕಿಯೇ ಇತ್ತು. “ಊಂ, ಆಕೇ ಐತೆ,” ಎಂದೆ.

ಕೆಲಸಕ್ಕೆ ಸೇರುವವರು ಇದನ್ನು ತಿಳಿದುಕೊಳ್ಳಿ. ಶಾಕ್ ಹೊಡೆದ ಮನೆಗೆ ಓಡಿ ಬಂದವರು ಮೊದಲು ಕೈ ಹಾಕುವುದು ಸ್ವಿಚ್ಚಿಗೆ. ಗಾಬರಿಯಲ್ಲಿ ಒತ್ತುತ್ತಾರೆ. ಮೊದಲೇ ಆರಿದ್ದರೆ ಅದು ಹಾಕಿದಂತಾಗುತ್ತದೆ. ಬಲ್ಬೇ ಇಲ್ಲದ ಹೋಲ್ಡರಿನಲ್ಲಿ ಅದು ಯಾರಿಗೂ ಕಾಣುವುದಿಲ್ಲ. ನಾನು ಹೋದಾಗ ಮನೆ ತುಂಬ ಜನ ಇದ್ದರು. ಯಾರು ಏನು ಒತ್ತಿದಿರಿ ಎಂದು ಕೇಳಲಿಲ್ಲ. ನನ್ನ ಮಾತು ಲೈನ್‌ಮ್ಯಾನಿನ ಮಾತಾದ್ದರಿಂದ ಅದೇ ತೀರ್ಪಾಯಿತು. ಆಮೇಲೆ ಆ ಮನೆಯಲ್ಲಿ ಹಾಲು ಉಕ್ಕಿದರೆ, ಲೋಟ ಬಿದ್ದರೆ, ಬೀಗದ ಕೈ ಕಾಣದಿದ್ದರೆ ಮುನಿಸ್ವಾಮಿ ಹೇಳುತ್ತಿದ್ದದ್ದು ಒಂದೇ: “ಸ್ವಿಚ್ ಆರ್ಸಿದ್ದಾ ನೋಡ್ಕೊ.” ನನ್ನೆದುರೇ ಎರಡು ಸಲ ಹೇಳಿದ್ದ. ನಾವಿಬ್ಬರೂ ನಕ್ಕಿದ್ದೆವು. ಅವಳು ನಕ್ಕಿರಲಿಲ್ಲ.

ಈಗ ಆ ಕತ್ತಲು ಕೋಣೆಯಲ್ಲಿ ಸ್ಟೂಲು ಹತ್ತಿ ಬಲ್ಬು ಬಿಚ್ಚಿ ಹೋಲ್ಡರಿಗೆ ಟೆಸ್ಟರ್ ಇಟ್ಟೆ. ಸ್ವಿಚ್ ಆರಿತ್ತು. ಟೆಸ್ಟರಿನ ದೀಪ ಹತ್ತಿತು. ಹೋಲ್ಡರಿನಲ್ಲಿ ಉಳಿದ ಕರೆಂಟು ಚೂರು ಸೋರಿದರೂ ಎಲ್‌ಇಡಿಗೆ ಮಿಣುಕಲು ಸಾಕು, ಹಳೆಯ ಬಲ್ಬಿಗೆ ಅದು ಸಾಲುತ್ತಿರಲಿಲ್ಲ. ಪಕ್ಕದ ಮನೆಗೆ ಹೋದೆ, ಅಲ್ಲೂ ಹಾಗೇ. ಅದರಾಚೆಯ ಮನೆ, ಎದುರು ತುದಿಯ ಮನೆ, ಎಲ್ಲ ಹಾಗೇ. ಅಂದರೆ ತಪ್ಪು ಮನೆಗಳೊಳಗೆ ಇಲ್ಲ. ಆ ಸಾಲಿಗೆಲ್ಲ ಒಂದೇ ಜೋಡಿ ತಂತಿ ಹೋಗುತ್ತದೆ. ತುದಿಯ ಕಂಬದಲ್ಲಿ ಅದರ ಜಾಯಿಂಟು.

ಲೈನ್ ಆಫ್ ಮಾಡಿಸಿ ಹತ್ತಿದೆ. ಒಬ್ಬೊಬ್ಬ ಲೈನ್‌ಮ್ಯಾನ್ ತಂತಿ ಸುತ್ತುವುದು ಒಂದೊಂದು ರೀತಿ. ನಾನು ಕೊನೆಯ ಸುತ್ತಿನ ತುದಿಯನ್ನು ಒಳಕ್ಕೆ ಮಡಚಿ ಇಕ್ಕಳದಲ್ಲಿ ಒತ್ತುತ್ತೇನೆ, ಅಂಗಿಗೆ ಸಿಕ್ಕದಿರಲೆಂದು. ಆ ಜಾಯಿಂಟಿನ ತುದಿ ಮಡಚಿತ್ತು. ಒಂದು ಮಳೆಗಾಲದಲ್ಲಿ ಅಲ್ಲಿ ಮರದ ಕೊಂಬೆ ಬಿದ್ದು ತಂತಿ ಕಡಿದಿತ್ತು. ಜೋಡಿಸಿದವನು ನಾನು. ಟೆಸ್ಟ್ ಲ್ಯಾಂಪು ಉರಿದಿತ್ತು, ಇಳಿದಿದ್ದೆ. ಎರಡು ತಂತಿ ಅದಲುಬದಲಾಗಿದ್ದವು. ಅಂದಿನಿಂದ ಆ ಸಾಲಿನ ಮನೆಗಳಲ್ಲಿ ಯಾರೇ ಸ್ವಿಚ್ ಆರಿಸಿ ಬಲ್ಬಿಗೆ ಕೈ ಹಾಕಿದರೂ ಅವರ ಕೈ ಕರೆಂಟಿನ ಹತ್ತಿರವೇ ಇತ್ತು.

ಸರಿಮಾಡಿ ಇಳಿದು ಬಂದೆ. ನಾರಾಯಣಮ್ಮ ಮತ್ತೆ ಬಾಗಿಲು ಹಾಕಿ ಪರೀಕ್ಷೆ ಮಾಡಿದಳು. ಬಲ್ಬು ಪೂರ್ತಿ ಆರಿತು. ಅಷ್ಟರಲ್ಲಿ ಮುನಿಸ್ವಾಮಿಯೂ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ. ಏನಾಗಿತ್ತೆಂದು ಇಬ್ಬರಿಗೂ ಹೇಳಿದೆ. ಅವಳು ಕೋಲನ್ನು ಗೋಡೆಗೆ ಒರಗಿಸಿ ಮೆಷಿನ್ನಿನ ಅಂಚು ಹಿಡಿದುಕೊಂಡಳು.

“ಅಂಗಾದ್ರೆ ಅವತ್ತೂ ಇಂಗೇ ಇತ್ತಾ ಅಣ್ಣಾ?”

“ಇತ್ತು,” ಎಂದೆ. “ನೀನು ಆರ್ಸಿದ್ದೆ ಕಣಮ್ಮ. ಆರ್ಸಿದ್ರೂ ಒಡೀತಿತ್ತು.”

“ತಂತಿ ಅಂಗೆ ತಿರುಗ್ಸಿದ್ದು ಯಾರಂತೆ?” ಎಂದ ಮುನಿಸ್ವಾಮಿ.

“ನಾನೇ. ಕೊಂಬೆ ಬಿದ್ದಾಗ.”

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಕೈ ಎತ್ತಿ ತಡೆದಳು.

“ತಂತಿ ಬಿಡಣ್ಣ. ಎರಡೂ ಒಂದೇ ತರ ಅವೆ, ಯಾರಾದ್ರೂ ತಪ್ತಾರೆ. ನಾನು ಆರ್ಸಿದ್ದೆ ಆರ್ಸಿದ್ದೆ ಅಂತ ಆಟೋದಾಗೆ ಬಡ್ಕೊಂಡ್ನಲ್ಲ. ಆ ಟೆಸ್ಟರು ಒಂದು ಸಲ ಇಕ್ಕಿ ನೋಡಾಕೆ ಏನಾಗಿತ್ತು ನಿಂಗೆ?”

ನಾನು ಉತ್ತರ ಕೊಟ್ಟೆ ಎಂದು ಮೊದಲ ಸಲ ಬರೆದಾಗ ಬರೆದಿದ್ದೆ. ಚೆನ್ನಾದ ಉತ್ತರ. ಹೊಡೆದುಹಾಕಿದ್ದೇನೆ.

ಅವಳು ಗಂಡನ ಕಡೆ ತಿರುಗಿದಳು. “ಏನ್ರೀ, ಕೇಳ್ಸ್ತಾ?”

“ಕೇಳ್ಸ್ತು.”

“ಇವರಿಗೆ ಮಿಲ್ಲಿನ ಸದ್ದಿಗೆ ಒಂದು ಕಿವಿ ಮಂದ. ಇನ್ನೊಂದು ಸಲ ಏಳಣ್ಣ, ಜೋರಾಗಿ.”

“ನಾರಾಯಣಮ್ಮ ಸ್ವಿಚ್ ಆರ್ಸಿದ್ಳು,” ಎಂದು ಜೋರಾಗಿ ಹೇಳಿದೆ. ಪಕ್ಕದ ಮನೆಯ ತಾತ ಹೊರಗಿನಿಂದ, “ಏನಂತೆ, ಏನಂತೆ?” ಎಂದ. ಅವನಿಗೂ ಹೇಳಿಸಿದಳು. ಆಮೇಲೆ ಮಾತ್ರೆಯ ಡಬ್ಬಿ, ಬೀಗದ ಕೈ ತೆಗೆದಿಟ್ಟು ಮೆಷಿನ್ನಿನ ಬಟ್ಟೆ ಎಳೆದು ಕೊಡವಿ ಮತ್ತೆ ಹೊದಿಸಿದಳು. ಅದಕ್ಕೆ ಏನರ್ಥವೋ ನನಗೆ ತಿಳಿಯದು. ಧೂಳಿತ್ತು, ಅಷ್ಟೇ ಇರಬಹುದು.

ಕಚೇರಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ ಎಂದೆ. ಸಾಹೇಬರು ಕೇಳಿಸಿಕೊಂಡು, “ಸರಿ ಮಾಡಿದ್ರಲ್ಲ ವೆಂಕಟೇಶಪ್ಪ. ನೀವು ರಿಟೈರ್ ಆಗೋರು. ಲೈನ್ ದುರಸ್ತಿ ಅಂತ ಬರೀರಿ ಸಾಕು,” ಎಂದರು. ಬರೆದೆ. ಪುಸ್ತಕದಲ್ಲಿ ಎರಡೇ ಪದ ಇವೆ. ಉಳಿದದ್ದು ಇಲ್ಲಿ.

ಬಸ್ಸಿನಲ್ಲಿ ಊರಿಗೆ ಹೋಗುವಾಗ ಒಂದು ವಿಷಯ ತಲೆಗೆ ಬಂತು. ‘ಇತ್ತು’ ಎಂದೆನಲ್ಲ, ಅದು ನನಗೆ ಹೇಗೆ ಗೊತ್ತು?

ಅವಳು ಬಿದ್ದ ದಿನ ಗೊತ್ತು, ಆಯುಧಪೂಜೆಯ ಹಿಂದಿನ ದಿನ. ಕೊಂಬೆ ಬಿದ್ದ ದಿನ ಗೊತ್ತಿಲ್ಲ. ಅದೇ ವರ್ಷದ ಮಳೆ ಎಂದು ನನ್ನ ನಂಬಿಕೆ. ಹಬ್ಬಕ್ಕೆ ಮೊದಲು ಬಿದ್ದಿದ್ದರೆ ಅವಳು ಹೇಳಿದ್ದು ನಿಜವಿರಬಹುದು, ಅವಳ ಸೊಂಟ ಮುರಿದವನು ನಾನು. ಹಬ್ಬ ಕಳೆದ ಮೇಲೆ ಬಿದ್ದಿದ್ದರೆ ಅವತ್ತು ತಂತಿ ಸರಿಯಾಗೇ ಇತ್ತು, ನನ್ನ ಕೈ ಶುದ್ಧ, ಅವಳು ನಿಜಕ್ಕೂ ಸ್ವಿಚ್ ಆರಿಸಿರಲಿಲ್ಲ. ಇಬ್ಬರೂ ಸರಿಯಾಗಿರಲು ದಾರಿಯಿಲ್ಲ.

ಹುಡುಕಿದೆ. ಆ ಕಾಲದ ದೂರಿನ ಪುಸ್ತಕಗಳು ಕಚೇರಿ ಬದಲಾದಾಗ ಎಲ್ಲಿ ಹೋದವೋ ಯಾರಿಗೂ ತಿಳಿಯದು. ಪಕ್ಕದ ಮನೆಯ ತಾತ ಒಂದು ದಿನ ಹಬ್ಬಕ್ಕೆ ಮೊದಲು ಎಂದ, ಇನ್ನೊಂದು ದಿನ ಆಮೇಲೆ ಎಂದ, ಎರಡನ್ನೂ ಅಷ್ಟೇ ಧೈರ್ಯವಾಗಿ. ಆ ತಂತಿ ಜೋಡಿಸಿದ ದಿನ ಏಣಿಯ ಕೆಳಗೆ ಕೆಸರಿನಲ್ಲಿ ಚೆಂಡುಹೂವಿನ ಎಸಳು ತುಳಿದಿದ್ದು ನನಗೆ ನೆನಪಿದೆ. ಹಾಗಾದರೆ ಹಬ್ಬದ ಮರುದಿನಗಳೇ? ಆದರೆ ಗೌರಿ ಹಬ್ಬಕ್ಕೂ ಚೆಂಡುಹೂವು ಬರುತ್ತದೆ. ಉಳಿದದ್ದು ಮೆಷಿನ್ನಿನ ಸದ್ದು. ಬಿದ್ದ ಮೇಲೆ ಅವಳು ಅದನ್ನು ತುಳಿಯಲೇ ಇಲ್ಲ. ಅವತ್ತು ಏಣಿಯ ಮೇಲಿಂದ ಆ ಸದ್ದು ಕೇಳಿದ್ದು ನಿಜವಾದರೆ ಕೊಂಬೆ ಮೊದಲು ಬಿದ್ದದ್ದು, ಅನುಮಾನವೇ ಇಲ್ಲ. ತೊಂದರೆ ಏನೆಂದರೆ, ಆ ಕತ್ತಲು ಕೋಣೆಯಲ್ಲಿ ಬಟ್ಟೆ ಹೊದ್ದ ಮೆಷಿನ್ ನೋಡುವುದಕ್ಕೆ ಮೊದಲು ನನಗೆ ಆ ಸದ್ದು ನೆನಪಿತ್ತೇ ಎಂದು ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. ಯಾವುದು ನಿಜವಾಗಿರಲಿ ಎಂದು ನನಗೆ ಆಸೆ ಎಂದು ಕೇಳಿಕೊಂಡರೆ ದಿನಕ್ಕೊಂದು ಉತ್ತರ.

ಇದನ್ನು ನಾರಾಯಣಮ್ಮನಿಗೆ ಹೇಳಿಲ್ಲ. ಹೇಳಿದರೆ ಕೊಟ್ಟದ್ದನ್ನು ಅರ್ಧ ಕಿತ್ತುಕೊಂಡಂತೆ. ಈಗ ಮುನಿಸ್ವಾಮಿ ಆ ಮಾತು ಆಡುವುದಿಲ್ಲ. ಹೋದ ತಿಂಗಳು ಅವರ ಮನೆಗೆ ಹೋಗಿದ್ದಾಗ ಅವನ ಕೈಯಿಂದ ಕಾಫಿ ಲೋಟ ಜಾರಿತು. ಅವಳೇ ಹೇಳಿದಳು, “ಸ್ವಿಚ್ ಆರ್ಸಿದ್ರಾ ನೋಡ್ಕೊಳ್ರೀ.” ಅವನು ಬಟ್ಟೆ ತಂದು ಒರೆಸಿದ.

ಲೈನಿಗೆ ಸೇರುವವರಿಗೆ ನನ್ನಲ್ಲಿರುವುದು ಇಷ್ಟು. ದೀಪ ಉರಿಯಿತೆಂದು ಇಳಿದು ಬರಬೇಡಿ. ಟೆಸ್ಟರ್ ಹಿಡಿದು ಎರಡೂ ತಂತಿ ನೋಡಿ. ಶಾಕ್ ಹೊಡೆದ ಮನೆಯಲ್ಲಿ ಸ್ವಿಚ್ ನೋಡುವ ಮೊದಲು ಹೋಲ್ಡರ್ ನೋಡಿ, ಬಿದ್ದವರು ಏನು ಹೇಳುತ್ತಿದ್ದಾರೆಂದು ಕೇಳಿ. ಅವತ್ತು ಟೆಸ್ಟರ್ ನನ್ನ ಜೇಬಿನಲ್ಲೇ ಇತ್ತು. ಇದೊಂದು ಗೊತ್ತು. ಇಟ್ಟು ನೋಡಿದ್ದರೆ ಒಂದು ಗಳಿಗೆಯಲ್ಲಿ ಉಳಿದದ್ದೂ ಗೊತ್ತಾಗುತ್ತಿತ್ತು. ಕೊಂಬೆ ಮೊದಲು ಬಿತ್ತೋ, ನಾರಾಯಣಮ್ಮ ಮೊದಲು ಬಿದ್ದಳೋ, ನನಗೆ ಗೊತ್ತಿಲ್ಲ.